ಬಾಡಿಗೆ ಟ್ಯೂಬು

ಹದಿನೇಳು ವರ್ಷದ ಮೇಲೆ ಜಯಮಂಗಲಿ ಬಂದಳು.
ಬಂದ ಮೂರನೇ ದಿನಕ್ಕೆ
ಕೊರಟಗೆರೆ ರಸ್ತೆಯ ನನ್ನ ಪಂಕ್ಚರ್ ಅಂಗಡಿಗೆ
ಹೊಸ ಥರದ ಗಿರಾಕಿಗಳು.
ಕೈಯಲ್ಲಿ ಸ್ಟೆಪ್ನಿ ಇಲ್ಲ,
ಟವೆಲ್ಲು, ಚಿತ್ರಾನ್ನದ ಡಬ್ಬಿ.
"ಅಣ್ಣ, ಲಾರಿ ಟ್ಯೂಬಿದ್ರೆ ಗಾಳಿ ತುಂಬ್ಕೊಡಿ,
ತೇಲೋಕೆ."

ಮೂಲೆಯಲ್ಲಿದ್ದವು ಒಂಬತ್ತು.
ಟ್ಯೂಬ್‌ಲೆಸ್ ಬಂದ ಮೇಲೆ
ಸೌದೆ ಕಟ್ಟೋರಿಗೆ, ಮೇಕೆ ಕಟ್ಟೋರಿಗೆ
ಸೀಳಿ ಸೀಳಿ ಕೊಟ್ಟು ಮಿಕ್ಕವು.
ಕಂಪ್ರೆಸರ್ ಹಾಕಿದೆ.
ಮಡಿಕೆಯೊಳಗಿನ ಧೂಳು ಕೆಮ್ಮಿ
ಒಂದೊಂದೇ ದುಂಡಗಾದವು.
ಗಂಟೆಗೆ ನಲವತ್ತು, ಅಡ್ವಾನ್ಸು ಇನ್ನೂರು,
ವಾಲ್ವಿನ ಕಡೆ ಕೂರಬೇಡಿ, ಗೀರುತ್ತೆ.

ಭಾನುವಾರ ಶಟರ್ ಎಳೆದು ನಾನೂ ಹೊರಟೆ.
ಟ್ಯೂಬು ಎಣಿಸಿಕೊಂಡು ಬರ್ತೀನಿ ಅಂದಿದ್ದಕ್ಕೆ
"ಎಣಿಸೋಕೆ ಟವೆಲ್ಲು ಯಾಕೆ?"
ಅಂದಳು ಶಾಹೀನಾ, ತಾನೂ ಚಪ್ಪಲಿ ಮೆಟ್ಟಿದಳು.

ಚನ್ನರಾಯನದುರ್ಗದ ಬಂಡೆ ಅಷ್ಟೂ
ನೀರಿಗೆ ತಲೆಕೆಳಗಾಗಿ ಇಳಿದಿತ್ತು.
ಅದರ ಮೇಲೆ ನರ್ಸಿಂಗ್ ಕಾಲೇಜಿನ ಹುಡುಗೀರು
ಬಟ್ಟೆ ಸಮೇತ, ಒಬ್ಬರ ಕಾಲು ಒಬ್ಬರು ಹಿಡಿದು,
ರೈಲು ಮಾಡಿಕೊಂಡು ಹಾಯುತ್ತಿದ್ದರು.
ಹೊಟ್ಟೆ ಬಂದ ಮೇಷ್ಟರೊಬ್ಬರು ಟ್ಯೂಬಲ್ಲಿ ಸಿಕ್ಕಿಹಾಕಿಕೊಂಡು
ಆಕಾಶ ನೋಡುತ್ತಾ
ಮೊಮ್ಮಗಳಿಗೆ ಬೈಯುತ್ತಿದ್ದರು, ಖುಷಿಯಿಂದ.

ನನಗೆ ಕಂಡದ್ದು ಪ್ಯಾಚು.

ಆ ಚೌಕದ್ದು ಕದರಪ್ಪನ ಹತ್ತು ಚಕ್ರದ ಲಾರಿಯದು.
ಆ ಜೋಡಿ ದುಂಡು, ಮುತ್ತುರಾಯಿ ಓಡಿಸ್ತಿದ್ದ ಟಿಪ್ಪರಿನದು.
ರಾತ್ರಿ ಎರಡಕ್ಕೆ ಶಟರ್ ಬಡಿದು
"ಬೇಗ ಹಾಕು ಗುರು,
ಬೆಳಗಾಗೋದ್ರೊಳಗೆ ದಾಬಸ್‌ಪೇಟೆ ದಾಟ್ಬೇಕು."
ಟಾರ್ಪಾಲಿನ ಅಂಚಿನಿಂದ
ರಸ್ತೆ ಮೇಲೆ ತೊಟ್ಟಿಕ್ಕುತ್ತಿತ್ತು ನೀರು.
ಏನು ಲೋಡು ಅಂತ ನಾನು ಕೇಳಲಿಲ್ಲ.
ಉಜ್ಜಿದೆ, ಸಲ್ಯೂಷನ್ ಹಚ್ಚಿದೆ,
ಒಣಗಲಿ ಅಂತ ಬಾಯಲ್ಲಿ ಊದಿದೆ.
ಡಬಲ್ ರೇಟು ಇಸ್ಕೊಂಡೆ.
ಹೊಳೆ ಎದ್ದು ಹೋಯಿತು
ನನ್ನ ಪ್ಯಾಚಿನ ಮೇಲೆ ಕೂತು.

"ಅಂಕಲ್, ಇಲ್ಲಿ ಎಷ್ಟು ಆಳ?"
"ಹೊಂಗೆ ಮರದ ಆಚೆ ಹೋಗಬೇಡ ಮರಿ.
ಅಲ್ಲಿ ಎರಡಾಳು."
"ನಿಮಗೆ ಈಜು ಬರುತ್ತಾ?"
"ಇಲ್ಲ."
"ಮತ್ತೆ ಹೆಂಗೆ ಗೊತ್ತು?"
ಚಡ್ಡಿ ಹಿಂಡುತ್ತಾ ನಿಂತೇ ಇದ್ದ, ಉತ್ತರಕ್ಕೆ.
ನಾನು ಟವೆಲ್ಲು ಕೊಡವಿದೆ.

ದಡದಿಂದ ಶಾಹೀನಾ ಕೂಗಿದಳು:
"ಎಷ್ಟಾಯ್ತು?"
"ಎಂಟು."
"ನೀವು ಕೂತಿರೋದು?"

ಮೂವತ್ತು ವರ್ಷ
ಟಬ್ಬಿನ ಕೆಸರು ನೀರಲ್ಲಿ ಟ್ಯೂಬು ಅದುಮಿ
ಗುಳ್ಳೆ ಎಲ್ಲಿಂದ ಅಂತ ನೋಡಿದ ಕಣ್ಣು.
ಬಿಸಿಲು, ತಣ್ಣನೆ ನೀರು, ಬೆನ್ನಿಗೆ ಬೆಚ್ಚಗಿನ ರಬ್ಬರು
ಎಲ್ಲ ಇದ್ದೂ
ಅಭ್ಯಾಸಬಲ, ಪಕ್ಕಕ್ಕೆ ಬಗ್ಗಿ ನೋಡಿದೆ.
ಗುಳ್ಳೆ ಬರುತ್ತಿತ್ತು.
ಸಾಲಾಗಿ, ನಿಧಾನಕ್ಕೆ,
ಟ್ಯೂಬಿಂದಲ್ಲ, ಕೆಳಗಿಂದ.

ಬೆರಳಿಟ್ಟೆ.
ಬೆರಳ ಸುತ್ತ ಬಂದು ಒಡೆಯಿತು.