ಗೋಡೆ ಕಡೆ ಮುಖ

ಮಾನ್ವಿ ತಹಸೀಲ್ ಕಚೇರಿ ಮುಂದ, ಬೇವಿನ ಗಿಡದ ಕೆಳಗ
ನಮ್ಮಜ್ಜ ಅರ್ಜಿ ಹುಸೇನಪ್ಪ
ಊರ ಮಂದಿ ಕಾಗದ ಬರೀತಿದ್ದ, ಬಂದದ್ದು ಓದಿ ಹೇಳ್ತಿದ್ದ.
ಯಾರ ಹೊಲ ಒತ್ತಿ, ಯಾರ ಮಗಳಿಗೆ ಮೂರು ತಿಂಗಳು,
ಯಾವ ಅಣ್ಣ ತಮ್ಮನ ಮ್ಯಾಲೆ ಹಾಕಿದ ಕೇಸು,
ಎಲ್ಲಾ ಅವನ ಕಿವ್ಯಾಗ.
ಸಂಜಿಗೆ ಮನಿಯೊಳಗ ಬರೂ ಮುಂಚೆ
ನಳದ ಕೆಳಗ ಕೂತು ಎರಡೂ ಕಿವಿ ತೊಳಕೊಂತಿದ್ದ.
"ಹೋತು," ಅಂತಿದ್ದ ಅಜ್ಜಿಗೆ, "ಇವತ್ತಿಂದೆಲ್ಲಾ ಹೋತು."
ಹೋಗಿರ್ಲಿಲ್ಲ. ಜ್ವರ ಏರಿದ ರಾತ್ರಿ
ಮೂವತ್ತು ವರ್ಷದ ಹಿಂದಿನ ಹೆಸರು ಗೊಣಗಿದ.
ಅಜ್ಜಿ ಬಾಗಲಾ ಹಾಕಿ ರೇಡಿಯೋ ಹಚ್ಚಿದಳು.

ಅದೇ ಗಿಡದ ಎದುರಿಗೆ ಈಗ ನನ್ನ ಅಂಗಡಿ:
ಝೆರಾಕ್ಸ್, ಆನ್‌ಲೈನ್, ಲ್ಯಾಮಿನೇಷನ್.
ಅಜ್ಜನ ಕಿವಿ ಬದಲಿ ನನಗೊಂದು ಕೆಂಪು ಬುಕ್ಕು,
ಇನ್ನೂರ ಹದಿನೇಳು ಮಂದಿ ಪಾಸ್‌ವರ್ಡು.
"ಅಕ್ಕಾ, ನೀನೇ ಇಟ್ಕೋ, ನಮಗೆಲ್ಲಿ ನೆನಪಿರ್ತದ."
ಹೆಚ್ಚಿನವು ಮಕ್ಕಳ ಹೆಸರು, ಮುಂದ ಒಂದು ಎರಡು ಮೂರು.
ಒಬ್ಬಾತಂದು ಮಾತ್ರ ಹೆಂಡತಿ ಅಲ್ಲದ ಹೆಸರು.
ಅದನ್ನೂ ಓದಿದೆ. ಓದಬಾರದಿತ್ತು.

ಹೋದ ಮಾಘದಾಗ ಹುಲಿಗೆಮ್ಮನ ಮೈದುನ ಬಂದ,
ಕೌಂಟರ್ ಮ್ಯಾಲೆ ಮೊಣಕೈ ಊರಿ, ನಗಕೊಂತ:
"ಅಕೀ ಫೋನಿಂದು ಹೇಳು. ನಿನಗ ಗೊತ್ತದ."
ಗೊತ್ತಿತ್ತು.
ನೂರಾ ಎಂಟನೇ ಸಾಲು, ಹಸಿರು ಶಾಯಿ.
ನಾಲಿಗಿ ಇಲ್ಲ ಅಂತು,
ಕಣ್ಣು ಡ್ರಾವರ್ ಕಡೆ ಹೋತು.
ಅವನೂ ಆ ಕಣ್ಣು ನೋಡಿದ.
ಗೊತ್ತಿರೋದಂದ್ರ ಕೈ ಇದ್ದಂಗ,
ಯಾರು ಬೇಕಾದರೂ ತಿರುವಬಹುದು.

ಮರುದಿನ ಹುಲಿಗೆಮ್ಮನ್ನ ಕೂಡಿಸಿಕೊಂಡು
ಅಕೀ ಫೋನಿನ್ಯಾಗ ಒಂದು ತಿಜೋರಿ ಇಳಿಸಿಕೊಟ್ಟೆ.
"ಕಾಯೋರು ಯಾರು?"
"ದೂರದ ಯಾವುದೋ ಕಂಪನಿ."
"ಅವರು ಓದಲ್ಲೇನು?"
ಎದುರಿನ ಗಿರಣ್ಯಾಗ ಜೋಳ ಬೀಸೂ ಸಪ್ಪಳ.
"ನೋಡವಾ, ಗಿರಣಿಯವ ನಿನ್ನ ಕಾಳು ನೋಡ್ತಾನ,
ಹುಳ ಹತ್ತೇದೋ, ಕಲ್ಲು ಎಷ್ಟದಾವೋ.
ಇಲ್ಲಿ ಹಂಗಲ್ಲ. ನೀನು ಮನ್ಯಾಗೇ ಬೀಸಿ
ಬರೇ ಹಿಟ್ಟು ಕಳಸ್ತಿ.
ಕಳ್ಳ ಹೊಕ್ಕರೂ ಹಿಟ್ಟು, ಮಾಲಕ ತೆಗದರೂ ಹಿಟ್ಟು.
ಹಿಟ್ಟನ್ನ ತಿರುಗಿ ಕಾಳು ಮಾಡೂ ಮಾತು
ನಿನ್ನ ಒಬ್ಬಾಕಿ ಹತ್ರ. ಅದು ಫೋನ್ ದಾಟಿ ಹೋಗಲ್ಲ.
ಅವರು ಕೇಳಲ್ಲ. ನಾನೂ ಕೇಳಲ್ಲ.
ನಾಕು ಮಾತು ಕೂಡಿಸು, ಒಂದಕ್ಕೊಂದು ಬೀಗತನ ಇರಬಾರದು.
ಮಕ್ಕಳ ಹೆಸರು ಬ್ಯಾಡ, ದೇವರದೂ ಬ್ಯಾಡ."

ಅಂದು, ಗೋಡೆ ಕಡೆ ತಿರುಗಿದೆ.
ಅಲ್ಲಿ ಗೊಬ್ಬರದಂಗಡಿ ಕ್ಯಾಲೆಂಡರು.
ಬೆನ್ನ ಹಿಂದ ಅಕೀ ಬೆರಳು ಟಕ್, ಟಕ್,
ನಡುವ ಒಮ್ಮೆ ಕಿಸಕ್ಕಂತ ನಕ್ಕಳು.
ಯಾವ ಮಾತಿಗೆ ನಕ್ಕಳೋ.
ಹನ್ನೊಂದು ವರ್ಷದ ಅಂಗಡ್ಯಾಗ ಮೊದಲ ಸಲ
ಒಬ್ಬರದು ಒಂದು ನನಗ ಗೊತ್ತಾಗಲಿಲ್ಲ.
ಸ್ವಲ್ಪ ಹೊಟ್ಟೆಕಿಚ್ಚಾತು, ಸುಳ್ಳ್ಯಾಕ.

ಒಬ್ಬೊಬ್ಬರನ್ನ ಕರದು, ಹಳೇವು ಬದಲಿಸಿ,
ಅವರವರ ತಿಜೋರಿ ಅವರಿಗೆ ಹಚ್ಚಿಕೊಟ್ಟು
ಕೆಂಪು ಬುಕ್ಕು ಬಕೆಟ್ಟಿನ್ಯಾಗ ನೆನಸಿದೆ.
ಬಾಲ್‌ಪೆನ್ನಿನ ಶಾಯಿ ಹಠಮಾರಿ. ಮೂರು ದಿನ ಬಿಟ್ಟು
ರೊಟ್ಟಿ ಹಿಟ್ಟಿನಂಗ ನಾದಿದೆ, ಅಜ್ಜನ ನಳದ ಕೆಳಗ.

ಮೈದುನ ಮತ್ತ ಬಂದ. "ಗೊತ್ತಿಲ್ಲ" ಅಂದೆ.
ಈ ಸಲ ಕಣ್ಣಿಗೂ ಗೊತ್ತಿರಲಿಲ್ಲ.

ಆದರ ಎಂಟು ದಿನದಿಂದ ಬೆಂಚಿನ ಮ್ಯಾಲೆ ಲಾಲಬೀ.
ತಿಜೋರಿ ಮಾತು ಮರತಾಳ.
ಬ್ಯಾಂಕಿಂದು ಬ್ಯಾಂಕಿನ್ಯಾಗ ಸರಿ ಆತು. ಅದಲ್ಲ,
ಒಳಗ ಬ್ಯಾರೆ ಏನೋ ಬರದಿಟ್ಟಾಳಂತ. ಏನಂತ ನಾ ಕೇಳಿಲ್ಲ.
ಕಂಪನಿಯಿಂದ ಉತ್ತರ ಬಂತು:
ನಮಗೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ.
"ಯಾರಿಗೂ ಗೊತ್ತಿಲ್ಲಂದ್ರ ಅದೆಂಥ ಕಾವಲು?"
ಬೈದಳು, ನನಗ, ಕಂಪನಿಗೆ, ತನ್ನ ತಲಿಗೆ.
ನಿನ್ನ ಬುಕ್ಕೆಲ್ಲಿ, ಅಂದಳು.
ನಾನು ನಳದ ಕಡೆ ನೋಡಿದೆ.

ದಿನಾ ಅರ್ಧ ಚಹಾ, ಎರಡು ಪ್ರಯತ್ನ.
ಇವತ್ತು ಮೂರು ಮಾತು ನೆನಪಾದವಂತ.
ತುಟಿ ಅಲಗ್ತಾವ, ಬೆರಳು ಫೋನಿನ ಮ್ಯಾಲೆ ನಿಂತಾವ.
ನಾನು ಕ್ಯಾಲೆಂಡರ್ ನೋಡಕೊಂತ ಕುಂತೀನಿ.
ಶುಕ್ರವಾರ. ಅಮಾಸಿಗೆ ಇನ್ನ ಎರಡು ದಿನ.