ಏಳನೇ ವಲಯ

ಬೂಟು ಬಿಚ್ಚಿ ಮಲಗಿ, ತ್ಯೂನೆ ಓಯಾಕಾಂಗಸ್.
ಪಾದ ಸ್ವಲ್ಪ ಒಳಕ್ಕೆ. ಹಾಗೇ. ಅಲುಗಬೇಡಿ.
ಪಟ್ಟಿ ಕಟ್ಟುತ್ತೇನೆ, ಬಿಗಿಯಾದರೆ ಹೇಳಿ.

ಯಂತ್ರದ ತೋಳು ನಿಮ್ಮ ಮೇಲೆ ಸರಿಯುತ್ತದೆ
ಅವಸರವಿಲ್ಲದೆ, ದೀಪ ಹಿಡಿದು ಏನೋ ಹುಡುಕುವವರಂತೆ.
ಕಿಟಕಿಯಾಚೆ ಔಲು ನದಿ
ಮಧ್ಯಾಹ್ನ ಎರಡಕ್ಕೇ ಕತ್ತಲೆ ಹೊದ್ದುಕೊಂಡಿದೆ.
ಪರದೆಯ ಮೇಲೆ ನಿಮ್ಮ ತೊಡೆಮೂಳೆ, ಬೂದು;
ಅದರ ನಡುವೆ ಬೆಳ್ಳಗೆ ಟೈಟಾನಿಯಂ ಕಡ್ಡಿ,
ಎಲ್ಲ ಭಾರ ನನಗಿರಲಿ ಎಂದು ಬಂದು ಕೂತ
ಮನೆಅಳಿಯ.

ಸುತ್ತ ಏಳು ಚೌಕ ಬರೆಯುತ್ತೇನೆ.
ಹೊರಮಗ್ಗುಲಲ್ಲಿ, ಮೇಲೆ, ಒಂದು.
ಇಳಿಯುತ್ತ ಇಳಿಯುತ್ತ ಕಡ್ಡಿಯ ತುದಿಗೆ ನಾಲ್ಕು.
ಮತ್ತೆ ಒಳಗಿನಿಂದ ಹತ್ತಿ ಏಳು:
ಒಂದು ಕಾಲಕ್ಕೆ ಮೈಭಾರವೆಲ್ಲ ಬಂದು
ಕಾಲು ಚಾಚಿ ಕೂರುತ್ತಿದ್ದ ಜಗಲಿ.

ಆಪರೇಷನ್ ಆದ ವಾರ ನೂರು ಇತ್ತು ಅಂತ ಇಟ್ಟುಕೊಳ್ಳಿ.
ಆರು ತಿಂಗಳಿಗೆ ಎಂಬತ್ತಾರು.
ಇವತ್ತು ಎಪ್ಪತ್ತೊಂಬತ್ತು.

‘ಕದ್ದವರು ಯಾರು?’

ಯಾರೂ ಕದ್ದಿಲ್ಲ. ಕಡ್ಡಿ ಗಟ್ಟಿ,
ಹೊರೆಯನ್ನು ತಾನೇ ಹೊತ್ತು ನೇರ ಕೆಳಗಿಳಿಸುತ್ತದೆ.
ಕೆಲಸ ತಪ್ಪಿದ ಮೂಳೆ
ತನ್ನನ್ನು ತಾನೇ ಚಿಟಿಕೆ ಚಿಟಿಕೆಯಾಗಿ
ರಕ್ತಕ್ಕೆ ಸಾಲ ತೀರಿಸುತ್ತದೆ,
ಕೂತುಂಡ ಕುಡಿಕೆ ಹೊನ್ನಿನ ಹಾಗೆ.

ನಕ್ಕುಬಿಟ್ಟರು. ಅಲುಗಬೇಡಿ ಅಂದಿದ್ದೆನಲ್ಲ.
ಚಿತ್ರ ಕೆಟ್ಟಿತು. ಮತ್ತೆ ಮೊದಲಿಂದ.

ಮೂವತ್ತೊಂದು ವರ್ಷ ಅಂಚೆ ಹಂಚಿದ ಹೆಂಗಸು.
‘ವಿಂಗಡಿಸುವ ಯಂತ್ರ ಬಂದ ಚಳಿಗಾಲ ನಮಗೆಲ್ಲ ಹಬ್ಬ.
ಬೆಳಗಿನ ಐದಕ್ಕೆ ನಿಂತುಕೊಂಡು ಕಾಗದ ಜೋಡಿಸೋದು ತಪ್ಪಿತು.
ಮಾರ್ಚ್ ತಿಂಗಳಲ್ಲಿ ಒಂದು ದಿನ ನೋಡುತ್ತೇನೆ,
ಕರ್ಯಾಸಿಲ್ತಾದ ಆ ಹಳದಿ ಮನೆಯವರ ಹೆಸರು ನಾಲಗೆಗೇ ಬರಲಿಲ್ಲ.
ಅವರ ನಾಯಿಯ ಹೆಸರು ಬಂತು.
ಬಾಗಿಲಲ್ಲಿ ನಿಂತು ನಾಯಿಯನ್ನೇ ಕರೆದೆ.’

ಚೌಕಗಳಿಗೆ ಹೆಸರಿಟ್ಟದ್ದು ಅವರೇ,
ತಮ್ಮ ಹಳೆಯ ದಾರಿಯ ಹೆಸರು.
ಒಂದು ರಕ್ಸಿಲಾ. ಎರಡು ಕರ್ಯಾಸಿಲ್ತಾ.
ನಾಲ್ಕು ಪಿಕಿಸಾರಿ: ದ್ವೀಪ, ಸುತ್ತ ನೀರು, ಅಲ್ಲೇನೂ ಬದಲಾಗದು.
ಮೂರು, ಐದು, ಆರು ನನಗೆ ಮರೆತಿವೆ, ಅವರಿಗಲ್ಲ.
ಏಳು ತೊಪ್ಪಿಲಾ, ಬಂದರು.
‘ಹಡಗು ಬಂದು ಗುದ್ದದಿದ್ದರೆ
ಕಟ್ಟೆಯ ಮರ ತಾನಾಗೇ ಪುಡಿಯಾಗುತ್ತೆ, ಕಂಡಿದ್ದೇನೆ.’

ಡಾಕ್ಟರ್ ಹಿಲ್ತುನೆನ್ ಚೀಟಿಯಲ್ಲಿ ಬರೆದರು:
ನಡಿಗೆ, ಮೆಟ್ಟಿಲು, ವಿಟಮಿನ್ ಡಿ.
‘ಚೀಲ?’ ಅಂತ ಕೇಳಿದರಂತೆ ತ್ಯೂನೆ.
ಡಾಕ್ಟರಿಗೆ ಅರ್ಥವಾಗಲಿಲ್ಲವಂತೆ.

ಮರುವರ್ಷ, ಮೊದಲ ಹಿಮದ ವಾರ,
ಅಂಚೆಚೀಲ ಹೆಗಲಿಗೇರಿಸಿಕೊಂಡೇ ಬಂದರು.
ಸೌನಾದ ಬಾಗಿಲ ಹಿಂದೆ ನೇತುಹಾಕಿದ್ದಂತೆ ಅದು.
ಮೊದಲ ತಿಂಗಳು ಬರಿದೇ ಹೊತ್ತರಂತೆ,
ಆಮೇಲೆ ಆಲೂಗಡ್ಡೆ, ನಾಲ್ಕು, ಎಂಟು;
ಈಗ ಹಳೆಯ ಟೆಲಿಫೋನ್ ಡೈರೆಕ್ಟರಿ,
ಊರಿನ ಅಷ್ಟೂ ಹೆಸರು ಒಂದೇ ರಟ್ಟಿನೊಳಗೆ.
ದಿನಾ ರಕ್ಸಿಲಾದಿಂದ ತೊಪ್ಪಿಲಾಕ್ಕೆ
ಯಾವ ಪೆಟ್ಟಿಗೆಗೂ ಏನನ್ನೂ ಹಾಕದೆ.

ಮಲಗಿದರು. ಅಲುಗಲಿಲ್ಲ.

ಒಂದನೆಯದು ಮೂರು ಏರಿದೆ.
ಏಳನೆಯದು ಎಪ್ಪತ್ತೆಂಟು.

‘ಒಂದು ಇಳಿಯಿತು.’
ಯಂತ್ರದ ತಪ್ಪೇ ಎರಡರಷ್ಟಿರುತ್ತದೆ, ತ್ಯೂನೆ.
‘ಹಾಗಾದರೆ ನಿಂತಿದೆ ಅನ್ನಿ.’
ವರದಿಯಲ್ಲಿ ಹಾಗೆ ಬರೆಯುವಂತಿಲ್ಲ.
ಗಮನಾರ್ಹ ಬದಲಾವಣೆ ಇಲ್ಲ, ಎಂದು ಬರೆದೆ.

ಬಗ್ಗಿ ಬೂಟಿನ ದಾರ ತಾವೇ ಕಟ್ಟಿಕೊಂಡರು.
ಬಹಳ ಹೊತ್ತು ಹಿಡಿಯಿತು; ನಾನು ಗೋಡೆ ನೋಡಿದೆ.
ಚೀಲ ಎತ್ತಿಕೊಡಹೋದೆ,
ನನ್ನ ಮೊಣಕೈ ಜಗ್ಗಿತು.

‘ನೀವು ಯಾವ ಬೀದಿ?’
ಹೇಳಿದೆ, ಮನೆ ನಂಬರನ್ನೂ.
‘ಮೆಟ್ಟಿಲ ಬುಡದಲ್ಲಿ ಪೆಟ್ಟಿಗೆಗಳ ಸಾಲು,
ಎಡಗಡೆಯಿಂದ ಮೂರನೆಯದಕ್ಕೆ ಮುಚ್ಚಳ ನಿಲ್ಲುತ್ತಿರಲಿಲ್ಲ.’

ಈಗಲೂ ನಿಲ್ಲುವುದಿಲ್ಲ, ಅಂದೆ.