ಪೆನ್ಸಿಲ್ ಗೀಟು

ಮೊದಲ ಸಲ ನೋಡಿದಾಗ ಆ ಮನಿ ನಮಗ ಸೇರಿರಲಿಲ್ಲ.
ಅಡಿಗಿಮನಿ ಪಡುವಲಕ್ಕ, ಸಂಜಿ ಬಿಸಿಲು ನೆಟ್ಟಗ ಒಲಿ ಮ್ಯಾಲ.
ಬೋರಿನ ನೀರು ಬಾಯಿಗಿ ಹಾಕ್ಕೊಂಡು ಉಗುಳಿದೆ: ಉಪ್ಪು.
ಪಡಸಾಲಿ ಪರಸಿ ಒಂದು ಕಡಿ ಕುಸಿದಿತ್ತು,
ಲಿಂಬಿಹಣ್ಣು ಇಟ್ರ ತಾನೇ ಉರುಳಿ
ಬಚ್ಚಲ ತನಕ ಹೋಗಿ ನಿಲ್ತಿತ್ತು.
"ಮೂವತ್ತೆಂಟು ಲಕ್ಷ, ಈ ಗೂಡಿಗಾ?" ಅಂದ್ರು ಇವರು.
ಬ್ರಹ್ಮಪುರದ ಓಣಿ ದಾಟೂತನಕ ನಕ್ಕೋತ ಬಂದ್ವಿ.

ಮರುದಿನ ಮುಂಜಾನಿ ಲಾಡ್ಲೇಸಾಬನ ಫೋನು.
"ಅಕ್ಕಾ, ಇನ್ನೊಂದು ಪಾರ್ಟಿ ಬಂದದ. ನಲ್ವತ್ತು ಅಂದಾರ.
ಅಂಬಾರಾಯಣ್ಣಗ ಆರಾಮ ವಿಚಾರ ಮಾಡ್ಲಾಕ ಹೇಳ್ರಿ,
ಗಡಬಡ ಏನಿಲ್ಲ."
ಗಡಬಡ ಇಲ್ಲ ಅಂದ ಕೂಡ್ಲೇ
ಹಂಚಿನ ಮ್ಯಾಲಿನ ರೊಟ್ಟಿ ಮರ್ತೆ ನಾ.

ಆ ರಾತ್ರಿ ನಾವು ಹಾಸಿಗ್ಯಾಗ ಮಲಗಿದಲ್ಲೇ
ಆ ಮನಿ ತನ್ನಷ್ಟಕ್ಕ ತಾನೇ ರಿಪೇರಿ ಆಯ್ತು.
ಪಡುವಲ ಬಿಸಿಲಿಗಿ ಹಪ್ಪಳ ಛಲೋ ಒಣಗ್ತಾವ, ಅಂದೆ.
ಉಪ್ಪು ನೀರು ತೊಳಿಲಾಕ ಬಳಿಲಾಕ ಆಯ್ತದ,
ಕುಡಿಲಾಕ ಹ್ಯಾಂಗೂ ಕ್ಯಾನು, ಅಂದ್ರು ಇವರು.
ಕುಸಿದ ಪರಸಿ?
ನೆಲ ತೊಳದ್ರ ನೀರು ತಾನೇ ಹರಿದು ಹೋಯ್ತದ.
ಮಾರಿ ಕಾಣದ ಆ ಜನ, ಗಂಡ ಹೆಂಡ್ತಿನೋ, ಅಣ್ಣ ತಮ್ಮರೋ,
ನಮ್ಮ ಪಡಸಾಲ್ಯಾಗ ಚಪ್ಪಲಿ ಹಾಕ್ಕೊಂಡೇ
ಓಡ್ಯಾಡ್ಲತ್ತಿದ್ರು.
ನಮ್ಮ ಪಡಸಾಲಿ. ಹಂಗ ಅಂದದ್ದು ಅವತ್ತೇ ಮೊದಲು.

ನಲ್ವತ್ತೂವರಿ ಅಂದ್ವಿ.
ಸಂಜಿಗಿ ಅವರು ನಲ್ವತ್ತೊಂದು.

"ಪಾರ್ಟಿ ಗೀರ್ಟಿ ಏನೂ ಇಲ್ಲ,
ಲಾಡ್ಲೇಸಾಬನ ಹೊಟ್ಟ್ಯಾಗ ಹುಟ್ಟಿದ ಪಾರ್ಟಿ ಅದು."
ಇವರು ಗಂಜಿನಾಗ ಇಪ್ಪತ್ತು ವರ್ಷ
ತೊಗರಿ ಲಿಲಾವು ಕೂಗಿದವರು.
ಎಷ್ಟು ಸಲ ಖಾಲಿ ಗೋಡಿ ಕಡಿ ನೋಡಿ, ತಲಿ ಅಲ್ಲಾಡ್ಸಿ,
"ಅಗಾ, ಅಲ್ಲಿಂದ ಇನ್ನೈವತ್ತು!" ಅಂದಿಲ್ಲ?
ಎಲ್ಲಾ ಗೊತ್ತಿದ್ದೂ ಫೋನ್ ಹಚ್ಚಿದ್ರು.
"ನಲ್ವತ್ತೊಂದೂವರಿ." ದನಿ ಬ್ಯಾರೆಯಾಗಿತ್ತು,
ಕೂಗೂ ದನಿ ಅಲ್ಲ ಅದು, ಕೊಳ್ಳೂ ದನಿ.

ನಾ ಸೇಡಂದ ತಂಗಿಗಿ ಫೋನ್ ಮಾಡಿ
ದವಾಖಾನಿ ಖರ್ಚು ಅಂತ ಸುಳ್ಳು ಹೇಳಿ ರೊಕ್ಕ ತರಿಸ್ದೆ.
ಅಕಿ ಅತ್ತಳು. ಅತ್ತಕೋತ್ಲೇ ಕಳಿಸಿದಳು.
ನಲ್ವತ್ಮೂರಕ್ಕ ಇಸಾರ ಆಯ್ತು.
ಆ ಕಡಿಯಿಂದ ಮತ್ತ ಮಾತು ಬರಲಿಲ್ಲ.
ಗೆದ್ದ ಖುಷಿಗಿ ಸೂಪರ್ ಮಾರ್ಕೆಟಿನಾಗ
ಎರಡು ಪ್ಲೇಟು ಮಿರ್ಚಿ ತಿಂದ್ವಿ, ಮಾತಾಡದ.

ಕೀಲಿ ಕೈಗಿ ಬಂದ ದಿನ, ಕಸಬರಿಗಿ ಹಿಡಕೊಂಡು ಬಗ್ಗಿದಾಗ,
ಪಡಸಾಲಿ ಕಿಟಕಿ ಕೆಳಗ
ಎರಡು ಪೆನ್ಸಿಲ್ ಗೀಟು.
ಎರಡರ ನಡುವ ಉರ್ದುವಿನಾಗ ಏನೋ ಬರದಿತ್ತು.
ನಮ್ಮ ಮಾವಂಗ ಉರ್ದು ಬರ್ತಿತ್ತು, ನಮಗ ಬರಲ್ಲ.
ಕಮಿಷನ್ನಿಗಿ ಬಂದಿದ್ದ ಲಾಡ್ಲೇಸಾಬ
ಚಷ್ಮಾ ಏರಿಸಿ, ಕುಕ್ಕರಗಾಲಲೆ ಕುಂತು ಓದಿದ:
"ತಸನೀಮಳ ಮಶೀನು. ಮೂರು ಫೂಟು."
ಯಾವ ಮಶೀನು?
"ಹೊಲಿಯೂದು, ಅಕ್ಕಾ. ಇಲ್ಲಿ ಬೆಳಕು ಛಲೋ ಅದಲ್ಲ.
ನಾ ನಿಮಗ ಅವತ್ತೇ ಹೇಳಿದ್ದೆ, ಪಾರ್ಟಿ ಖರೇ ಅದ ಅಂತ."

ಬಣ್ಣದಂವ ಎರಡು ಕೋಟು ಹೊಡದು ಹೋದ.
ಈಗ ಅಲ್ಲಿ ಕೂಲರ್ ಅದ. ಮೂರು ಫೂಟಿನಾಗ
ಒಂದು ಬೆರಳು ಜಾಗ ಉಳದದ.
ತಂಗಿ ದವಾಖಾನಿ ಹೆಂಗಾಯ್ತು ಅಂತ ಕೇಳ್ತಾಳ,
ಆರಾಮ ಆಗ್ಯಾದ ಅಂತೀನಿ.

ನಿನ್ನಿ ಸಂಜಿ ಇವರು ಚಾ ಕುಡ್ಕೋತ
ಆ ಗೋಡಿ ಕಡಿ ನೋಡ್ಕೋತ, ಸಣ್ಣ ದನಿಲೆ ಅಂದ್ರು:
"ನಲ್ವತ್ಮೂರು, ಒಂದು ಸಲ.
ನಲ್ವತ್ಮೂರು, ಎರಡು ಸಲ."
ಮೂರನೇದು ಬರೂದ್ರೊಳಗ
ನೀರಿನ ಕ್ಯಾನಿನ ಹುಡುಗ ಬಾಗಿಲು ಬಡದ.
ಮೂವತ್ತು ರೂಪಾಯಿ ಅಂದ.
ಕೊಟ್ವಿ. ಯಾರೂ ಏರಿಸಲಿಲ್ಲ.